ಕರಿಬಸಪ್ಪನ ಬಲಗೈ

ಮೇಘಾಳ ಮೈಯೆಲ್ಲ ಉರಿದುಹೋಯಿತು. ಕಂಪನಿಯ ಎಚ್ಆರ್ ಅಧಿಕಾರಿ ಗುರುರಾಜ್ ಅವಳ ಮನೆಯಲ್ಲೇ ಕೂತು, ಅವ್ವ ಕೊಟ್ಟ ಚಹಾ ಊದಿಕೊಂಡು ಕುಡಿಯುತ್ತ, ಅವಳು ಹೊಲಿದ ಚಿತ್ರದಲ್ಲಿ ತೀರಿಕೊಂಡ ಅಪ್ಪನ ಕೈಗೆ ಎರಡು ಬೆರಳು ಸೇರಿಸಿ ಅನ್ನುತ್ತಿದ್ದ.

"ವರ್ಕ್ ಸೂಪರ್ ಆಗಿದೆ ಮೇಡಂ. ಆದ್ರೆ ಐವತ್ತನೇ ವರ್ಷದ ಫಂಕ್ಷನ್, ಫಾರಿನ್ನಿಂದ ಗೆಸ್ಟ್ ಬರ್ತಿದಾರೆ. ಪಾಸಿಟಿವ್ ಆಗಿರ್ಲಿ. ಐದು ಬೆರಳು ಕಾಣಿಸ್ಬೇಕು, ಅಷ್ಟೇ."

ಅಷ್ಟೇ ಅಂತೆ! ಪೀಣ್ಯದ ಆ ತಗಡು ಒತ್ತುವ ಪ್ರೆಸ್ ಕಾರ್ಖಾನೆಯಲ್ಲಿ ಅಪ್ಪ ಕರಿಬಸಪ್ಪ ತಲೆ ನರೆಯುವ ತನಕ ದುಡಿದಿದ್ದ. ಹೊಸ ಕಟ್ಟಡದ ಬಾಗಿಲಲ್ಲಿ ತೂಗುಹಾಕಲು ಹಳೆಯ ಕೆಲಸಗಾರರ ನೆನಪಿಗೊಂದು ಬಟ್ಟೆಯ ಚಿತ್ರ ಬೇಕೆನಿಸಿದಾಗ, ಕಂಪನಿ ಚಿತ್ರಕಲೆ ಕಲಿತ ಅವನ ಮಗಳನ್ನೇ ಕೇಳಿತು. ಮೇಘಾ ಅಪ್ಪನ ನೀಲಿ ಯೂನಿಫಾರಮ್ಮಿನ ಹೊಲಿಗೆ ಬಿಚ್ಚಿ ದಪ್ಪ ಬಟ್ಟೆಯ ಮೇಲೆ ಹೊಲಿದಳು. ಪಕ್ಕದಲ್ಲಿ ಪ್ರೆಸ್ ಮಷೀನನ್ನು ಬಣ್ಣದಲ್ಲಿ ಬರೆದಳು. ಅದರ ಹಿಡಿಯ ಮೇಲೆ ಅಪ್ಪನ ಬಲಗೈಯನ್ನು ಕಂದು ದಾರದಲ್ಲಿ ಕಸೂತಿ ಹಾಕಿದಳು. ಮೂರು ಬೆರಳಿನ ಕೈ. ಉಳಿದೆರಡನ್ನು ಅವಳು ಹುಟ್ಟುವ ಮೊದಲೇ ಆ ಪ್ರೆಸ್ ನುಂಗಿತ್ತು.

ಅವಳ ತಲೆ ಬಾಚಿದ್ದು, ಸೈಕಲ್ ಕಲಿಯುವಾಗ ಹಿಂದಿನಿಂದ ಹಿಡಿದುಕೊಂಡದ್ದು ಆ ಮೂರು ಬೆರಳೇ. ಫೋಟೊ ತೆಗೆಯುವಾಗ ಮಾತ್ರ ಅಪ್ಪ ಆ ಕೈಯನ್ನು ಜೇಬಿಗೆ ಹಾಕಿಬಿಡುತ್ತಿದ್ದ. ಮನೆಯ ಒಂದು ಫೋಟೊದಲ್ಲೂ ಅದಿಲ್ಲ. ಈ ಬಟ್ಟೆಯಲ್ಲೂ ಸುಳ್ಳು ಹೊಲಿದರೆ ಆ ಕೈ ಇನ್ನೆಲ್ಲೂ ಉಳಿಯುವುದಿಲ್ಲ.

"ಆಗಲ್ಲ," ಅಂದಳು.

"ಆಕ್ಕೈತಿ ಬಿಡ್ರಿ ಸಾರ್," ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದ ಅವ್ವ ಶಿವಲಿಂಗಮ್ಮ ಅಂದಳು. ಪೀಣ್ಯಕ್ಕೆ ಬಂದು ಎಷ್ಟು ವರ್ಷವಾದರೂ ಅವಳ ಮಾತು ರಾಣೆಬೆನ್ನೂರಿನದೇ. "ಐದೂ ಕಾಣೂಹಂಗ ಮಾಡಿ ಕೊಡ್ತೀವಿ. ನಾಳೆ ಸಂಜಿಗೆ ಬರ್ರಿ."

ಅವನು ಗೇಟು ದಾಟಿದ್ದೇ ತಡ, ಮೇಘಾ ಅವ್ವನ ಮೇಲೆ ಹರಿಹಾಯ್ದಳು. "ಅಪ್ಪನ ಬೆರಳು ಹೋದಾಗ್ಲೂ ಹಿಂಗೇ ತಲೆ ಆಡಿಸ್ದೆ ಅಲ್ವಾ? ಮಾಲು ಬೇಗ ಬರ್ಲಿ ಅಂತ ಕೈ ಕಾಯೋ ಗಾರ್ಡನ್ನ ಮಷೀನಿಂದ ಬಿಚ್ಸಿದ್ದು ಅವ್ರು. ಕೊನೆಗೆ ಅಪ್ಪಂದೇ ತಪ್ಪು ಅಂದ್ರು. ನೀನು ಹೂಂ ಸಾರ್ ಅಂದೆ!"

"ಅಂದೆ. ಹೊಟ್ಟ್ಯಾಗ ನೀ ಇದ್ದಿ."

ಮೇಘಾಳ ಸಿಟ್ಟು ಇಳಿಯಲಿಲ್ಲ. "ನನ್ನ ಬಟ್ಟೆ ಮುಟ್ಟಿದ್ರೆ ಸರಿ ಇರಲ್ಲ," ಎಂದು ಕೋಣೆಯ ಬಾಗಿಲು ಬಡಿದು ಹಾಕಿಕೊಂಡಳು.

ಮರುದಿನ ಸಂಜೆ ಡ್ರಾಯಿಂಗ್ ಕ್ಲಾಸ್ ಮುಗಿಸಿ ಬಂದಾಗ, ಅವ್ವ ಕಿಟಕಿಯ ಬೆಳಕಿಗೆ ಕೂತು ಕೆಂಪು ದಾರ ಹಲ್ಲಲ್ಲಿ ಕಡಿಯುತ್ತಿದ್ದಳು. ತೊಡೆಯ ಮೇಲೆ ಅದೇ ಬಟ್ಟೆ. ಕೈಯಲ್ಲಿ ಕೌದಿ ಹೊಲಿಯುವ ದಪ್ಪ ಸೂಜಿ.

ಅಪ್ಪ ಕಟ್ಟಿಕೊಂಡ ಹೆಂಡತಿಯೇ ಕಂಪನಿಯ ಪರ ಸುಳ್ಳು ಹೊಲಿದಳಲ್ಲ! ಹೊಲಿಗೆ ಬಿಚ್ಚಿಹಾಕುತ್ತೇನೆಂದು ಮೇಘಾ ಕತ್ತರಿ ಎತ್ತಿಕೊಂಡಳು. ಅಷ್ಟರಲ್ಲಿ ಗುರುರಾಜ್ ಬಾಗಿಲಿಗೆ ಬಂದಿದ್ದ. ಶಿವಲಿಂಗಮ್ಮ ಎದ್ದು ಬಟ್ಟೆಯನ್ನು ಬಿಡಿಸಿ ಹಿಡಿದಳು.

ಅವನು ಹುಬ್ಬು ಗಂಟಿಕ್ಕಿದ. "ಏನಮ್ಮಾ, ಕೈಯಲ್ಲಿ ಮೂರೇ ಇದೆ?"

"ಇನ್ನೆರಡು ಕೆಳಗ ಅದಾವು ನೋಡ್ರಿ."

ಮೇಘಾಳೂ ಬಗ್ಗಿ ನೋಡಿದಳು. ಪ್ರೆಸ್ಸಿನ ಬಾಯಿಯ ಕೆಳಗೆ, ಕಬ್ಬಿಣದ ಚೂರುಗಳ ನಡುವೆ, ಕೆಂಪು ದಾರದ ಎರಡು ಬೆರಳು ಬಿದ್ದಿದ್ದವು. ಉಗುರಿನ ಸಮೇತ. ಒಂದಕ್ಕೆ ಹಳದಿ ದಾರದ ಉಂಗುರ. ಅಪ್ಪನಿಗೊಂದು ಉಂಗುರವಿತ್ತೆಂದು ಮೇಘಾಳಿಗೆ ಇವತ್ತಿನವರೆಗೂ ಗೊತ್ತಿರಲಿಲ್ಲ.

"ಇದನ್ನ ಹಾಕಕ್ಕಾಗಲ್ಲಮ್ಮ," ಅಂದ ಗುರುರಾಜ್, ಸಣ್ಣ ದನಿಯಲ್ಲಿ.

"ಯಾಕಾಗೂದಿಲ್ಲ? ಐದು ಕಾಣಬೇಕಂದ್ರಿ, ಐದೂ ಅದಾವು." ಅವ್ವ ಬಟ್ಟೆಯನ್ನು ಇನ್ನಷ್ಟು ಮುಂದೆ ಚಾಚಿದಳು. "ಲಗ್ನದ ಉಂಗುರ ಅದು. ಅದನ್ನರ ಹುಡುಕಿ ಕೊಡ್ರಿ ಅಂತ ನಿಮ್ಮ ಗೇಟಿನ್ಯಾಗ ಬಸರಿ ಹೆಂಗಸು ನಿಂತು ಕೇಳಿದ್ನಿ. ಸ್ಕ್ರ್ಯಾಪಿನ ಲಾರಿಗೆ ಹೋತು ಅಂದ್ರು. ಈಗ ಸಿಕ್ಕೈತಿ. ತಗೊಂಡು ಹೋಗಿ ಬಾಗಿಲಾಗ ಹಾಕ್ರಿ!"

ಮೇಘಾ ಕತ್ತರಿ ಕೆಳಗಿಟ್ಟಳು. ಅವ್ವನ ಕೈ ಸೋಲುತ್ತಿರುವುದು ಕಂಡು, ಬಟ್ಟೆಯ ಇನ್ನೊಂದು ತುದಿಯನ್ನು ತಾನು ಹಿಡಿದುಕೊಂಡು ನಿಂತಳು.