ಒಂದು ಬೆರಳು ಸಡಿಲ

ಆ ಯಂತ್ರವನ್ನು ಕಂಡರೆ ಮೆಣಸಿನ ತಾಯಿಗೆ ಮೈಯೆಲ್ಲ ಉರಿಯುತ್ತಿತ್ತು. ಉರಿದರೂ ಅದರ ಪಕ್ಕದಲ್ಲಿ ಬಾಯಿ ಮುಚ್ಚಿಕೊಂಡು ಕೂರದೆ ಗತಿಯಿರಲಿಲ್ಲ, ಏಕೆಂದರೆ ಊರಿಗೆಲ್ಲ ಅಂಥದ್ದು ಒಂದೇ ಇತ್ತು. ಬಿಳಿ ಬಣ್ಣದ ಕಬ್ಬಿಣದ ತೋಳು, ಅದರ ತುದಿಯಲ್ಲಿ ಮಗುವಿನ ಮುಂಗೈ ಇಟ್ಟು ಕಟ್ಟಲು ದೋಣಿಯಂಥ ಒಂದು ಮೆತ್ತನೆಯ ಆಸರೆ, ಎದುರಿಗೆ ಪರದೆ. ಪರದೆಯಲ್ಲಿ ಒಂದು ಮರ, ಮರದ ತುಂಬ ಸೇಬು. ಮಗು ಕೈ ಚಾಚಿದರೆ ಪರದೆಯೊಳಗಿನ ಪುಟ್ಟ ಕೈಯೂ ಚಾಚಿ ಸೇಬು ಕೀಳುತ್ತದೆ. ಕೈ ಅರ್ಧದಲ್ಲಿ ನಿಂತುಬಿಟ್ಟರೆ ಯಂತ್ರವೇ ಮೆಲ್ಲಗೆ ತಳ್ಳಿ ದಾಟಿಸುತ್ತದೆ. ಆಮೇಲೆ ಒಳಗಿನಿಂದ ಒಂದು ಹೆಣ್ಣುದನಿ "ಭೇಷ್" ಅನ್ನುತ್ತದೆ. ಮಗು ಕಿತ್ತರೂ ಭೇಷ್, ಯಂತ್ರ ಕಿತ್ತರೂ ಭೇಷ್. ನಾಚಿಕೆಯಿಲ್ಲದ ಭೇಷ್ ಅದು.

ಮೆಣಸು ಎಂದರೆ ಮಗಳು. ಮೂಗಿನ ತುದಿಯಲ್ಲೇ ಕೋಪ ಇಟ್ಟುಕೊಂಡು ಹುಟ್ಟಿದವಳು ಎಂದು ಅವಳ ಅಜ್ಜಿ ಇಟ್ಟ ಹೆಸರು. ಶಾಲೆಯ ಹಾಜರಿಯಲ್ಲಿ ಬೇರೆ ಹೆಸರಿದೆ, ಅದನ್ನು ಕೂಗಿದರೆ ಅವಳೇ ತಿರುಗಿ ನೋಡುವುದಿಲ್ಲ. ಹುಟ್ಟುವ ಹೊತ್ತಿನಲ್ಲಿ ಮೆದುಳಿಗೆ ಉಸಿರು ಸಾಲದೆ ಸೆರೆಬ್ರಲ್ ಪಾಲ್ಸಿ ಆಗಿತ್ತು. ನಡೆಯುತ್ತಾಳೆ, ಸ್ವಲ್ಪ ವಾಲುತ್ತ. ಮಾತಂತೂ ಕತ್ತರಿ. ಬಲಗೈ ಮಾತ್ರ ಮೊಣಕೈಯಲ್ಲಿ ಮಡಚಿ ಎದೆಗೆ ಅಂಟಿಕೊಂಡಿರುತ್ತದೆ, ಎಷ್ಟು ಗದರಿದರೂ ಇಳಿಯುವುದಿಲ್ಲ. ಅವಳಿಗೆ ಬೇಕಾಗಿದ್ದದ್ದು ಒಂದೇ, ಶಾಲೆಯ ಅಂಗಳದ ಉಯ್ಯಾಲೆ. ಎರಡು ಕೈಯಲ್ಲಿ ಎರಡು ಸರಪಳಿ ಹಿಡಿಯಲಾರದವರನ್ನು ಹತ್ತಿಸುವುದಿಲ್ಲ ಎಂದು ಟೀಚರು ಕಡ್ಡಿ ಮುರಿದ ಹಾಗೆ ಹೇಳಿಬಿಟ್ಟಿದ್ದರು. ಬಲಗೈ ಆ ಸರಪಳಿಯವರೆಗೆ ಹೋಗಬೇಕು, ಅಷ್ಟೇ. ಆ ಅಷ್ಟಕ್ಕಾಗಿ ತಾಯಿ ಕೆಲಸದಿಂದ ಅರ್ಧ ದಿನ ರಜೆ ಬೇಡಿ, ಎರಡು ಬಸ್ಸು ಬದಲಿಸಿ, ಬೆವರು ಒರೆಸಿಕೊಳ್ಳುತ್ತ ಈ ಥೆರಪಿ ಕೇಂದ್ರಕ್ಕೆ ಬರುತ್ತಿದ್ದಳು.

ಅವಳ ಕೆಲಸ ಶಾಲೆಯ ಬ್ಯಾಗು ಹೊಲಿಯುವುದು. ಹೆಗಲ ಪಟ್ಟಿಯ ಅಳತೆ ನೋಡುವಾಗ ಪಟ್ಟಿಗೂ ಮೈಗೂ ನಡುವೆ ಒಂದು ಬೆರಳು ತೂರಿಸಿ ನೋಡಬೇಕು. ಬೆರಳು ಆಡಿದರೆ ಸರಿ, ಆಡದಿದ್ದರೆ ಬಿಚ್ಚಿ ಮತ್ತೆ ಹೊಲಿ. ಒಂದು ಬೆರಳು ಸಡಿಲ ಬಿಡದ ಪಟ್ಟಿ ಮಗುವಿನ ಚರ್ಮ ತಿನ್ನುತ್ತದೆ ಎಂದು ಅಂಗಡಿಯ ಯಜಮಾನ ಕಲಿಸಿದ್ದ. ಅದು ಅವಳ ಕೈಗೆ ಎಷ್ಟು ಅಂಟಿತ್ತೆಂದರೆ ಮಗಳ ಸೊಂಟದ ಬೆಲ್ಟು ಹಾಕುವಾಗಲೂ ಬೆರಳು ತಾನಾಗಿ ಒಳಗೆ ಹೋಗುತ್ತಿತ್ತು.

ಈ ಯಂತ್ರದ ಕುರ್ಚಿಗೂ ಒಂದು ಪಟ್ಟಿಯಿತ್ತು. ಎದೆಯ ಸುತ್ತ ಬಿಗಿದು ಬೆನ್ನನ್ನು ಕುರ್ಚಿಗೆ ಕಟ್ಟುವ ಅಗಲದ ಪಟ್ಟಿ.

"ಮೈ ಮುಂದೆ ಬಾಗ್ಬಾರ್ದು, ಕೈ ಮಾತ್ರ ಹೋಗ್ಬೇಕು," ಎಂದು ಥೆರಪಿಸ್ಟ್ ಹುಡುಗಿ ಮೊದಲ ದಿನವೇ ಹೇಳಿದ್ದಳು. ಅವಳು ಮೆಣಸಿನ ಬಾಯಲ್ಲಿ 'ಅಕ್ಕ'. ಒಳ್ಳೆಯ ಹುಡುಗಿಯೇ, ಆದರೆ ಒಬ್ಬಳಿಗೆ ಮೂರು ಜನರ ಕೆಲಸ. ಪಕ್ಕದ ಚಾಪೆಯ ಮೇಲೆ ಇನ್ನೊಂದು ಮಗು ಅಳುತ್ತಿದ್ದರೆ ಇಲ್ಲಿಂದ ಅಲ್ಲಿಗೆ, ಅಲ್ಲಿಂದ ಇಲ್ಲಿಗೆ ಓಡುತ್ತಿದ್ದಳು.

ಮೊದಲ ಕೆಲವು ವಾರ ನೋಡಲಾಗದ ಹಿಂಸೆ. ಯಂತ್ರದ ಸಹಾಯ ನಿಲ್ಲಿಸಿ ಪರೀಕ್ಷೆ ಮಾಡಿದ ದಿನ ಮೆಣಸು ಒಂದು ಸೇಬನ್ನೂ ಕೀಳಲಿಲ್ಲ. ಕೈ ಚಾಚು ಎಂದರೆ ಅದು ಮತ್ತಷ್ಟು ಮಡಚಿಕೊಳ್ಳುತ್ತಿತ್ತು. ಹಲ್ಲು ಕಚ್ಚಿ, ಮುಖ ಕೆಂಪಗೆ ಮಾಡಿ, ಕೊನೆಗೆ ಯಂತ್ರಕ್ಕೇ ಬೈಯುತ್ತಿದ್ದಳು. ಮನೆಗೆ ಹೋದರೆ ಅತ್ತೆಯ ಸ್ವಾಗತ ಬೇರೆ.

"ಏನಮ್ಮ, ಇವತ್ತೂ ಮಗುನ ಕಂಬಕ್ಕೆ ಕಟ್ಟಿ ಹಾಕಿಸ್ಕೊಂಡು ಬಂದ್ಯಾ?"

"ಕಂಬ ಅಲ್ಲ ಅತ್ತೆ, ಕುರ್ಚಿ."

"ಯಾವುದಾದ್ರೇನು, ಕಟ್ಟಿದ್ದು ಕಟ್ಟಿದ್ದೇ."

ಅಂಥ ಒಂದು ಸಂಜೆ ಸ್ನಾನ ಮಾಡಿಸುವಾಗ ಮಗಳ ಎದೆಯ ಮೇಲೆ ಪಟ್ಟಿಯ ಕೆಂಪು ಗೆರೆ ಕಂಡಿತು. ಇಂಥ ಪಟ್ಟಿ ಅಂಗಡಿಯಲ್ಲಿ ಹೊಲಿದಿದ್ದರೆ ಯಜಮಾನ ಮುಖಕ್ಕೆ ಎಸೆಯುತ್ತಿದ್ದ.

ಮುಂದಿನ ಸಲ ಥೆರಪಿಸ್ಟ್ ಆ ಕಡೆಯ ಮಗುವಿನ ಹತ್ತಿರ ಇದ್ದವಳು, "ಅಮ್ಮ, ಪಟ್ಟಿ ಸ್ವಲ್ಪ ನೀವೇ ಕಟ್ಟಿಬಿಡಿ," ಎಂದು ಕೂಗಿದಳು. ತಾಯಿ ಕಟ್ಟಿದಳು. ಬೆರಳು ತೂರಿಸಿ, ಒಂದು ಬೆರಳು ಸಡಿಲ ಬಿಟ್ಟು, ಬಕಲ್ ಹಾಕಿದಳು. ಮೋಸ ಮಾಡುವ ಯೋಚನೆ ಅವಳಿಗೆ ಕನಸಿನಲ್ಲೂ ಇರಲಿಲ್ಲ.

ಆ ದಿನ ಮೆಣಸು ಯಂತ್ರ ತಳ್ಳದೆಯೇ ಎರಡು ಸೇಬು ಕಿತ್ತಳು.

ಥೆರಪಿಸ್ಟ್ ಓಡಿ ಬಂದು ನೋಡಿ ಮೆಣಸಿನ ಕೆನ್ನೆ ಹಿಂಡಿದಳು. ತಾಯಿ ಬಸ್ಸಿನ ಕಿಟಕಿಗೆ ಮುಖ ಮಾಡಿ ದಾರಿಯುದ್ದಕ್ಕೂ ಕಣ್ಣೊರೆಸಿಕೊಂಡಳು. ಆಮೇಲಿನ ಸಲವೂ ಅವಳೇ ಪಟ್ಟಿ ಕಟ್ಟಿದಳು, ಹಿಂದೆ ನಿಂತು ನೋಡಿದಳು. ಆಗ ಕಂಡಿತು. ಕೈ ಎಲ್ಲಿತ್ತೋ ಅಲ್ಲೇ ಮಡಚಿಕೊಂಡಿತ್ತು. ಮಗಳ ಬೆನ್ನು ಕುರ್ಚಿ ಬಿಟ್ಟು ಮುಂದಕ್ಕೆ ಹೋಗುತ್ತಿತ್ತು, ಬೆನ್ನಿನ ಜೊತೆ ಹೆಗಲು, ಹೆಗಲಿನ ಜೊತೆ ಕೈ. ಸೇಬು ಕೀಳುತ್ತಿದ್ದದ್ದು ಬೆನ್ನು. ಯಂತ್ರ ಮಾತ್ರ ಭೇಷ್ ಅಂದಿತು.

ಅಲ್ಲೇ ಬಾಯಿ ಬಿಡಬಹುದಿತ್ತು. ಆದರೆ ಅದೇ ಗಳಿಗೆಯಲ್ಲಿ ಥೆರಪಿಸ್ಟ್, "ಕೊನೇ ಪರೀಕ್ಷೆಲಿ ಪ್ರಗತಿ ಕಾಣಿಸ್ಬೇಕು ಅಮ್ಮ. ಇಲ್ದಿದ್ರೆ ಈ ಕುರ್ಚಿ ಬೇರೆ ಮಗುಗೆ ಹೋಗುತ್ತೆ, ಕಾಯ್ತಿರೋರು ತುಂಬ ಜನ," ಎಂದಳು. ತಾಯಿಯ ಬಾಯಿಗೆ ಬೀಗ ಬಿತ್ತು. ಪ್ರಗತಿ ಕಂಡರೆ ಕುರ್ಚಿ ಉಳಿಯುತ್ತದೆ, ಕುರ್ಚಿ ಉಳಿದರೆ ಕೈ ನಿಧಾನಕ್ಕೆ ಕಲಿಯುತ್ತದೆ ಎಂದು ತನಗೆ ತಾನೇ ಸಮಾಧಾನ ಹೇಳಿಕೊಂಡಳು. ಮುಂದಿನ ವಾರ ಒಂದು ಬೆರಳು ಎರಡಾಯಿತು.

ಮೊಮ್ಮಗಳ ಕೈ ಬಂತೆಂದು ಅತ್ತೆ ನೆರೆಮನೆಗೆಲ್ಲ ಡಂಗುರ ಸಾರಿದರು. ಆದರೆ ಊಟಕ್ಕೆ ಕೂತಾಗ ತಾಯಿ ನೀರಿನ ಲೋಟವನ್ನು ಬಲಗಡೆ ಸ್ವಲ್ಪ ದೂರ ಇಟ್ಟು ನೋಡಿದರೆ, ಮೆಣಸು ಇಡೀ ಮೈ ಬಗ್ಗಿಸಿ, ಗಲ್ಲ ಲೋಟಕ್ಕೆ ತಾಗುವಷ್ಟು ಹತ್ತಿರ ಬಂದು, ಕೊನೆಗೆ ಎಡಗೈಯಲ್ಲೇ ಎತ್ತಿಕೊಳ್ಳುತ್ತಿದ್ದಳು. ಸಿಟ್ಟು ಯಾರ ಮೇಲೆ ತೀರಿಸಿಕೊಳ್ಳುವುದು ಎಂದು ತಾಯಿಗೆ ತಿಳಿಯುತ್ತಿರಲಿಲ್ಲ, ಹಾಗಾಗಿ ಪಾತ್ರೆಗಳ ಮೇಲೆ ತೀರಿಸಿಕೊಳ್ಳುತ್ತಿದ್ದಳು.

ಕೊನೆಯ ಪರೀಕ್ಷೆಯ ದಿನವೂ ಪಟ್ಟಿ ಕಟ್ಟಿದ್ದು ಅವಳೇ. ಸಹಾಯ ನಿಲ್ಲಿಸಿದರೂ ಮೆಣಸು ಮರವನ್ನು ಹೆಚ್ಚುಕಡಿಮೆ ಬೋಳಿಸಿಬಿಟ್ಟಳು. ಥೆರಪಿಸ್ಟ್ ಪರದೆ ನೋಡಿದಳು, ಮೆಣಸನ್ನು ನೋಡಿದಳು, ಮುಖ ಅರಳಿಸಿ ತಾಯಿಯ ಕಡೆ ತಿರುಗಿದಳು.

"ಅಮ್ಮ, ಇನ್ನು ಇವಳಿಗೆ ಯಂತ್ರ ಬೇಕಾಗಿಲ್ಲ. ಮನೇಲಿ ವ್ಯಾಯಾಮ ಮಾಡಿಸಿದ್ರೆ ಸಾಕು. ಇಂಥ ಮಕ್ಕಳು ನಮಗೆ ಸಿಗೋದೇ ಅಪರೂಪ."

"ಬೇಕಾಗಿಲ್ಲ ಅಂದ್ರೆ?"

"ಅಂದ್ರೆ ಮುಗೀತು. ನಾಳೆಯಿಂದ ಬರೋ ಕಷ್ಟ ಇಲ್ಲ ನಿಮಗೆ."

"ಪ್ರಗತಿ ಕಂಡ್ರೆ ಮುಂದುವರಿಸ್ತೀವಿ ಅಂದಿದ್ರಲ್ಲ ಮೇಡಂ."

"ಸ್ವಲ್ಪ ಕಂಡ್ರೆ ಮುಂದುವರಿಸ್ತೀವಿ. ಇಷ್ಟೊಂದು ಕಂಡ್ಮೇಲೆ ಇನ್ನೇನು ಮುಂದುವರಿಸೋದು?"

ಎಂಥ ಹಾಳು ನಿಯಮ. ಕಡಿಮೆಯಾದರೆ ಹೊರಗೆ, ಹೆಚ್ಚಾದರೂ ಹೊರಗೆ. ತಾಯಿಗೆ ಆ ಬಿಳಿ ತೋಳನ್ನು ಹಿಡಿದು ತಿರುಚಬೇಕೆನ್ನಿಸಿತು. ಕೊನೇಪಕ್ಷ ಸುಮ್ಮನೆ ಮನೆಗೆ ಹೋಗಿಬಿಡೋಣ, ಯಾರಿಗೂ ಏನೂ ತಿಳಿಯುವುದಿಲ್ಲ ಎಂದುಕೊಂಡು ಬ್ಯಾಗು ಹೆಗಲಿಗೇರಿಸಿದಳು.

ಆಗ ಮೆಣಸು ಕುರ್ಚಿಯಲ್ಲೇ ಕೂತು ಕೇಳಿದಳು. "ಹಾಗಾದ್ರೆ ನಾಳೆ ಉಯ್ಯಾಲೆ ಹತ್ಬೋದಾ ಅಕ್ಕ?"

"ಹತ್ಬೋದು ಕಣೇ, ಯಾಕಾಗಲ್ಲ," ಎಂದಳು ಥೆರಪಿಸ್ಟ್.

ತಾಯಿಗೆ ಉಯ್ಯಾಲೆ ಕಂಡಿತು, ಸರಪಳಿ ಕಂಡಿತು, ಸರಪಳಿಗೆ ನಿಲುಕದೆ ಎದೆಗೆ ಅಂಟಿದ ಕೈ ಕಂಡಿತು. ಬ್ಯಾಗು ಕೆಳಗಿಟ್ಟಳು.

"ಪಟ್ಟಿ ಸಡಿಲ ಇತ್ತು ಮೇಡಂ," ಎಂದಳು. "ನಾನೇ ಬಿಟ್ಟಿದ್ದು. ಮೊದಲು ಅಭ್ಯಾಸಕ್ಕೆ ಬಿಟ್ಟೆ. ಆಮೇಲೆ ಬೇಕಂತಲೇ ಬಿಟ್ಟೆ."

ಥೆರಪಿಸ್ಟ್ ಪಟ್ಟಿಯೊಳಗೆ ಕೈ ಹಾಕಿ ನೋಡಿದಳು. ಅವಳ ಮುಖದ ಬಣ್ಣ ಬದಲಾಯಿತು.

"ಏನು ಮಾಡಿಬಿಟ್ರಿ ಅಮ್ಮ. ಸೇಬು ಜಾಸ್ತಿ ಆಯ್ತು ಅಂತ ನಾನು ಯಂತ್ರದ ಸಹಾಯ ಕಡಿಮೆ ಮಾಡ್ತಾ ಬಂದೆ. ಇವಳು ಇನ್ನೂ ಬಗ್ಗಿದ್ದಾಳೆ. ಇಷ್ಟು ದಿನ ನಾವು ಕಲಿಸಿದ್ದು ಬೆನ್ನಿಗೆ, ಕೈಗಲ್ಲ." ಹಣೆ ಒತ್ತಿಕೊಂಡಳು. "ನಾನಾದ್ರೂ ಬಂದು ಒಂದ್ಸಲ ಎಳೆದು ನೋಡ್ಬೇಕಿತ್ತು. ನಂದೂ ತಪ್ಪು."

"ಈಗೇನು ಮಾಡೋದು?"

"ಇನ್ನೊಂದ್ಸಲ ಪರೀಕ್ಷೆ ಮಾಡ್ತೀನಿ, ಬಿಗಿಯಾಗಿ ಕಟ್ಟಿ. ಮೊದಲ ಪರೀಕ್ಷೆಲಿ ಒಂದೂ ಕಿತ್ತಿರಲಿಲ್ಲ. ಇವತ್ತು ಒಂದಾದ್ರೂ ಕಿತ್ತರೆ ಮುಂದುವರಿಸಿ ಅಂತ ಕೇಳ್ಬೋದು. ಒಂದೂ ಇಲ್ಲ ಅಂದ್ರೆ ನನ್ನ ಕೈಲಿ ಏನೂ ಇಲ್ಲ."

ಮೆಣಸು ಇಬ್ಬರನ್ನೂ ಬದಲಿಸಿ ಬದಲಿಸಿ ನೋಡುತ್ತಿದ್ದಳು. ಅವಳಿಗೆ ಎಲ್ಲ ಅರ್ಥವಾಗಿತ್ತು.

"ಸಡಿಲ ಮಾಡು ಅಂತ ನಾನು ಕೇಳಿದ್ನಾ?" ಎಂದು ತಾಯಿಯನ್ನು ಕೇಳಿದಳು.

"ಎದೆ ಕೆಂಪಾಗಿತ್ತು ಕಣೇ..."

"ನೋಯುತ್ತೆ ಅಂತ ನಾನು ಹೇಳಿದ್ನಾ?"

ಎಲ್ಲಕ್ಕೂ ಬಾಯಿ ಮಾಡುವ ಈ ಹುಡುಗಿ ಪಟ್ಟಿಯ ಬಗ್ಗೆ ಒಂದು ದಿನವೂ ದೂರಿರಲಿಲ್ಲ. ಅದು ತಾಯಿಗೆ ಈಗ ಹೊಳೆಯಿತು.

ಥೆರಪಿಸ್ಟ್ ಪಟ್ಟಿಗೆ ಕೈ ಹಾಕಿದಾಗ ಮೆಣಸು ತಡೆದಳು. "ನೀನು ಬೇಡ ಅಕ್ಕ. ಅಮ್ಮನೇ ಕಟ್ಲಿ."

ತಾಯಿ ಹಿಂದೆ ನಿಂತು ಪಟ್ಟಿ ಎಳೆದಳು. ಬೆರಳು ಎಂದಿನಂತೆ ತಾನಾಗಿ ಒಳಗೆ ಹೋಯಿತು.

"ಬೆರಳು ತೆಗಿ," ಎಂದಳು ಮೆಣಸು.

ತಾಯಿ ಬೆರಳು ತೆಗೆದಳು. ಬಕಲನ್ನು ಎಳೆದು ಹಾಕಿದಳು. ಆಮೇಲೆ ಪಕ್ಕದ ಸ್ಟೂಲಿನಲ್ಲಿ ತನ್ನ ಎರಡೂ ಕೈಗಳನ್ನು ತೊಡೆಯ ಕೆಳಗಿಟ್ಟು ಕೂತಳು.

ಮರ ಬಂತು. ಮೆಣಸು ಮುಂದೆ ಬಾಗಲು ನೋಡಿದಳು, ಪಟ್ಟಿ ಬಿಡಲಿಲ್ಲ. ಕೈ ಕದಲಲಿಲ್ಲ. ಮೊದಲ ಸೇಬಿನ ಸರದಿ ಮುಗಿಯಿತು, ಅದರ ಹಿಂದಿನದೂ ಮುಗಿಯಿತು. ತಾಯಿ ನೆಲ ನೋಡಿದಳು. ಮೆಣಸಿನ ಕತ್ತಿನ ನರ ಉಬ್ಬಿತ್ತು, ಮೂಗಿನಿಂದ ಬುಸ್ ಬುಸ್ ಎಂದು ಉಸಿರು ಬರುತ್ತಿತ್ತು. ಮೊಣಕೈ ಒಂದಿಷ್ಟು ಬಿಚ್ಚಿತು. ನಡುಗಿತು. ವಾಪಸ್ಸು ಮಡಚಿತು. ಮತ್ತೆ ಬಿಚ್ಚಿತು. ಎಲ್ಲಕ್ಕಿಂತ ಹತ್ತಿರದ, ಎಲ್ಲಕ್ಕಿಂತ ಕೆಳಗಿನ ಕೊಂಬೆಯ ಸೇಬಿಗೆ ಪರದೆಯ ಕೈ ಹೋಗಿ ತಾಗಿತು, ಸೇಬು ಬುಟ್ಟಿಗೆ ಬಿತ್ತು.

"ಭೇಷ್," ಅಂದಿತು ಯಂತ್ರ.

"ನೀನು ಸುಮ್ನಿರು," ಅಂದಳು ಮೆಣಸು.

ಆಮೇಲೆ ಒಂದೂ ಆಗಲಿಲ್ಲ, ಹೊತ್ತು ಮುಗಿಯಿತು. ಒಂದು ಸೇಬು. ಇಷ್ಟು ಬಸ್ಸು, ಇಷ್ಟು ರಜೆ, ಇಷ್ಟು ಸುಳ್ಳು, ಕೊನೆಗೆ ಒಂದು ಸೇಬು. ತಾಯಿಗೆ ನಗಬೇಕೋ ತಲೆ ಚಚ್ಚಿಕೊಳ್ಳಬೇಕೋ ತಿಳಿಯಲಿಲ್ಲ. ಥೆರಪಿಸ್ಟ್ ಮುಂದುವರಿಸಲು ಕೇಳುತ್ತೇನೆ ಎಂದು ತಲೆಯಾಡಿಸಿದಳು. ತಾಯಿ ಪಟ್ಟಿ ಬಿಚ್ಚಲು ಬಗ್ಗಿದಾಗ ಮೆಣಸು ಅವಳ ಮುಖ ನೋಡದೆ ಪರದೆಯನ್ನೇ ನೋಡುತ್ತ ಹೇಳಿದಳು.

"ಇದು ನಾನು ಕಿತ್ತಿದ್ದು. ಇಷ್ಟು ದಿನದ್ದು ಎಲ್ಲಾ ನೀನು ಕಿತ್ತಿದ್ದು."

ತಾಯಿ ಬಕಲ್ ಬಿಚ್ಚಿದಳು. ಪಟ್ಟಿಯ ಕೆಳಗೆ ಅಂಗಿ ಬೆವರಿನಿಂದ ತೊಯ್ದು ಮೈಗೆ ಅಂಟಿತ್ತು.