ಪಾಳಿಯ ಬೆಲ್ಲ

ಅಡುಗೆಮನೆಯಲ್ಲಿ ಹಂಸಾ ಬೆಲ್ಲ ಕುಟ್ಟುವ ಸದ್ದಿಗೆ ಚಂದ್ರಮೋಹನ ಬೆಚ್ಚಿಬಿದ್ದ. ಆರು ವರ್ಷದ ಅಪೂರ್ವಳ ರಕ್ತದಲ್ಲಿ ಸೀಸ ಸೇರಿದೆ ಎಂದು ಡಾಕ್ಟರು ಹೇಳಿದಾಗಿನಿಂದ ದೇಶದ ರಾಜಧಾನಿಯ ಸರೋಜಿನಿ ನಗರದ ಆ ಕ್ವಾರ್ಟರ್ಸಿನಲ್ಲಿ ಇದೇ ಗಲಾಟೆ. ಹಂಸಾ ಕಚೇರಿಗೆ ರಜೆ ಹಾಕಿ ರಾಗಿ, ಪಾಲಕ್, ನೆಲ್ಲಿಕಾಯಿ ಎಂದು ಒಲೆ ಬಿಟ್ಟು ಕದಲುತ್ತಿರಲಿಲ್ಲ. ಔಷಧಿಯ ಜೊತೆ ಊಟ ಚೆನ್ನಾಗಿದ್ದರೆ ಒಳ್ಳೆಯದು, ಆದರೆ ಸೀಸ ಮನೆಗೆ ಬರುವ ದಾರಿ ಮೊದಲು ಮುಚ್ಚಿ ಎಂದಿದ್ದರು ಡಾಕ್ಟರು. ಆ ದಾರಿ ಯಾವುದೆಂದು ಗಂಡ ಹೆಂಡತಿಗೆ ಯಾರೂ ತೋರಿಸಿಕೊಡಬೇಕಿರಲಿಲ್ಲ. ಮಾನೇಸರ್‌ನ ಬ್ಯಾಟರಿ ಕಾರ್ಖಾನೆಯಿಂದ ಚಂದ್ರಮೋಹನ ಬಂದ ಕೂಡಲೇ ಮಗಳು ಓಡಿಬಂದು ಅವನ ಶರ್ಟಿಗೆ ಮುಖ ಒತ್ತುತ್ತಿದ್ದಳು. ಈ ವಾರವೆಲ್ಲ ಅವನು ಕೆಲಸಕ್ಕೆ ಹೋಗಿರಲಿಲ್ಲ, ಅವಳನ್ನು ಮುಟ್ಟಿಯೂ ಇರಲಿಲ್ಲ.

ಅಲ್ಲಿ ಅವನು ಸೂಪರ್‌ವೈಸರ್. ಸೀಸದ ಧೂಳು ಎಳೆಯುವ ಫ್ಯಾನು ಕೆಟ್ಟು ವರ್ಷವಾಗಿತ್ತು. ಫ್ಯಾನಿಗಿಂತ ಬೆಲ್ಲ ಅಗ್ಗವೆಂದು ಮೇಲಿನವರು ಬೆಲ್ಲದ ಮೂಟೆ ಕಳಿಸಿದ್ದರು. ಪಾಳಿ ಮುಗಿದ ಮೇಲೆ ತಲೆಗೊಂದು ತುಂಡು. ತಿಂದರೆ ಧೂಳೆಲ್ಲ ಮೈಯಿಂದ ಇಳಿದುಹೋಗುತ್ತದೆ ಎಂದು ಅವನೇ ಎಲ್ಲರಿಗೂ ಹೇಳುತ್ತಿದ್ದ, ಹೇಳಿ ಹೇಳಿ ನಂಬಿಯೂ ಇದ್ದ. ಬಿಹಾರದ ಬಿಸೇಸರ್ ಎಂಬವನು ಮಾತ್ರ ಬಲಗೈಯ ಕೆಳಗೆ ಎಡಗೈ ಕೊಟ್ಟು ತೆಗೆದುಕೊಳ್ಳುತ್ತಿದ್ದ. ಪ್ರಸಾದದ ಹಾಗೆ ಎಷ್ಟು ಭಕ್ತಿಯಿಂದ ತೆಗೆದುಕೊಳ್ಳುತ್ತಾನೆ ಎಂದು ಚಂದ್ರಮೋಹನ ಮನೆಯಲ್ಲೂ ಹೆಮ್ಮೆಯಿಂದ ಹೇಳಿಕೊಂಡಿದ್ದ. ಒಂದು ಸಂಜೆ ಬಿಸೇಸರ್ ಬೆವರು ಒರೆಸಿಕೊಳ್ಳಲು ಎಡಗೈ ತೆಗೆದು, ಬೆಲ್ಲವನ್ನು ಬಾಯಿಗೆ ಒಯ್ಯಲು ಹೋದ. ಬಲಗೈ ಮಣಿಕಟ್ಟಿನಿಂದ ಜೋತುಬಿತ್ತು. ಬೆಲ್ಲ ನೆಲಕ್ಕುರುಳಿತು. ಅವನು ಎಷ್ಟು ಹೆಣಗಿದರೂ ಸೀಸ ತಿಂದ ಆ ಕೈ ಮೇಲೇಳಲಿಲ್ಲ.

ಅವನು ಊರಿಗೆ ಹೋದ, ಅವನ ಜಾಗಕ್ಕೆ ಇನ್ನೊಬ್ಬ ಬಂದ, ಚಂದ್ರಮೋಹನ ಬೆಲ್ಲ ಹಂಚುತ್ತಲೇ ಇದ್ದ. ಆದರೆ ಆ ಕೈ ಅವನನ್ನು ಬಿಡಲಿಲ್ಲ. ಬಸ್ಸಿನ ಕಂಬಿ ಹಿಡಿದವರ ನಡುವೆ, ಹಗ್ಗದ ಮೇಲೆ ಒಣಗುವ ಶರ್ಟಿನ ತೋಳಿನಲ್ಲಿ ಅದು ಜೋತುಬಿದ್ದು ಕಾಣುತ್ತಿತ್ತು.

ಹಂಸಾ ಬೆಲ್ಲದ ತಟ್ಟೆ ತಂದು ಅವನ ಮುಂದಿಟ್ಟಳು.

"ನಿಜ ಹೇಳಿ. ನೀವು ಅವ್ರಿಗೆಲ್ಲ ಹೇಳ್ತಿದ್ರಲ್ಲ. ಇದ್ರಿಂದ ಸೀಸ ಹೋಗತ್ತಾ?"

ಹೌದೆನ್ನುವ ಮಾತು ನಾಲಿಗೆಯ ತುದಿಯಲ್ಲೇ ಇತ್ತು.

"ಇಲ್ಲ ಹಂಸಾ. ಹೋಗಲ್ಲ."

"ಮತ್ತೆ ಅವ್ರಿಗೆ ಯಾಕೆ ಕೊಟ್ರಿ?"

ಅವನು ತಟ್ಟೆಯನ್ನು ಪಕ್ಕಕ್ಕೆ ಸರಿಸಿದ. ಅಷ್ಟರಲ್ಲಿ ಬೆಲ್ಲದ ವಾಸನೆ ಹಿಡಿದು ಅಪೂರ್ವ ಬಂದಳು.

"ಪಾಪಾ, ದೋ ನಾ, ಕೊಡು. ಒಂದೇ ಒಂದು."

ಹಂಸಾ ಒಂದು ತುಂಡು ಎತ್ತಿಕೊಟ್ಟಳು. ಮಗು ಬಲಗೈ ಚಾಚಿತು, ಅದರ ಕೆಳಗೆ ಎಡಗೈ. ಚಂದ್ರಮೋಹನ ಮುಂದಕ್ಕೆ ಬಾಗಿದ.

"ಕೆಳಗಿನ ಕೈ ತೆಗಿ ಪುಟ್ಟಿ."

"ಅಜ್ಜಿ ಹೀಗೇ ತಗೋ ಅಂತಾರೆ. ಪ್ರಸಾದ್ ಐಸೇ ಹೀ ಲೇತೇ ಹೈಂ."

"ತೆಗಿ. ನಾನು ನೋಡ್ಬೇಕು."

ಅಪ್ಪನ ಮುಖ ನೋಡುತ್ತಲೇ ಅವಳು ಎಡಗೈಯನ್ನು ಮೆಲ್ಲಗೆ ಇಳಿಸಿದಳು. ಬೆಲ್ಲ ಹೊತ್ತ ಪುಟ್ಟ ಅಂಗೈ ಜೋತುಬೀಳದೆ ಒಂದೇ ನಿಂತಿತು. ಚಂದ್ರಮೋಹನ ತನ್ನ ಕೈಯನ್ನು ಅದರ ಕೆಳಗೆ, ಮುಟ್ಟದ ಹಾಗೆ, ಹಿಡಿದೇ ಕುಳಿತ.