ಲಗಮಣ್ಣನ ಜಾವಳ

ನೇಸರಿಯ ಇಗರ್ಜಿಯಲ್ಲಿ ನಾತಾಲಬಾಯಿ ಬಾರ್ದೇಸ್ಕರಳ ಕಣ್ಣಿಗೆ ಬಿದ್ದವರು ಕೆಲಸ ಮಾಡದೆ ಪಾರಾದದ್ದೇ ಇಲ್ಲ. ಪೂಜೆ ಮುಗಿಸಿ ಹೊರಬಿದ್ದವರ ಕೈಗೆ ಕಸಬರಿಗೆ ಕೊಡುತ್ತಿದ್ದಳು, ಹರಟೆಗೆ ನಿಂತವರ ಕೈಗೆ ಬುಟ್ಟಿ. ಗಂಡ ಬಸ್ತ್ಯಾಂವ ಬಡಗಿ, ಮಾತು ಬಲು ಕಮ್ಮಿ. ಇಬ್ಬರ ಪಾಲಿನ ಮಾತನ್ನೂ ಹೆಂಡತಿಯೇ ಆಡಿ ಮುಗಿಸುತ್ತಿದ್ದುದರಿಂದ ಅವನಿಗೆ ಅದರ ಕೊರತೆ ಎಂದೂ ಕಂಡಿರಲಿಲ್ಲ.

ಎಪ್ಪತ್ತೆಂಟರ ಹಂಗಾಮಿನಲ್ಲಿ ಅವಳ ಕಣ್ಣು ಕಬ್ಬು ಕಡಿಯುವ ಟೋಳಿಯ ಮೇಲೆ ಬಿತ್ತು. ಜತ್ತದ ಕಡೆಯಿಂದ ಬಂದ ಕುರುಬರು ಅವರು. ಗಂಡ ಕಡಿದದ್ದನ್ನು ಹೆಂಡತಿ ಹೊರೆ ಕಟ್ಟಿ, ತಲೆಯ ಮೇಲೆ ಹೊತ್ತು ಗಾಡಿಗೆ ಹಾಕಬೇಕು. ಮಕ್ಕಳು ಬದುವಿನ ಮೇಲೆ, ರವದಿಯೆಂಬ ಕಬ್ಬಿನ ಒಣ ಗರಿಯ ರಾಶಿಯಲ್ಲಿ ಬಿದ್ದಿರಬೇಕು. ಹೋದ ವರ್ಷ ಹಾಗೆ ರವದಿಯಲ್ಲಿ ಮಲಗಿದ್ದ ಒಂದು ಕೂಸಿನ ಕಾಲ ಮೇಲೆ ಗಾಡಿ ಹಾಯ್ದದ್ದನ್ನು ನಾತಾಲಬಾಯಿ ಕಣ್ಣಾರೆ ಕಂಡಿದ್ದಳು. ಆ ಕೂಗು ಅವಳ ಕಿವಿ ಬಿಟ್ಟು ಹೋಗಿರಲಿಲ್ಲ.

ಅದಕ್ಕೇ ಈ ಸಲ ಮಕ್ಕಳನ್ನು ಹಗಲೆಲ್ಲ ಇಟ್ಟುಕೊಳ್ಳಲು ಇಗರ್ಜಿಯ ಹಾಲ್ ಕೊಡಿ ಎಂದು ಫಾದರ್ ಸಾಲ್ವದೋರರ ಬೆನ್ನು ಹತ್ತಿದಳು. ಇಗರ್ಜಿಯ ಹಿರಿಯರು ಗೊಣಗಿದರು. ನೆಲ ಹಾಳಾಗುತ್ತದೆ, ಬೆಂಚುಗಳು ಹಾಳಾಗುತ್ತವೆ, ಹೋಗಲಿ ಎಂದರೆ ಅವರೇನು ನಮ್ಮವರೇ ಎಂದರು. ಮಂಗಳೂರಿನಿಂದ ಬಂದಿದ್ದ ಫಾದರ್ ಎರಡೂ ಕಡೆಯವರನ್ನು ಸಮಾಧಾನ ಮಾಡಿದರು. ಕ್ರಿಸ್‌ಮಸ್ಸಿನ ತನಕ ನೋಡೋಣ, ಮಕ್ಕಳು ಬಂದರೆ ಹಾಲ್ ಅವರದು, ಬರದಿದ್ದರೆ ನಾತಾಲಬಾಯಿ ಮತ್ತೆ ಆ ಮಾತೆತ್ತಬಾರದು ಎಂದು ಹೇಳಿದರು.

ಮೊದಲ ದಿನ ಮಕ್ಕಳು ಬಂದರು. ಇಗರ್ಜಿಯ ಹೆಂಗಸರು ಹಂಡೆಯಲ್ಲಿ ನೀರು ಕಾಯಿಸಿ ಒಬ್ಬೊಬ್ಬರನ್ನೇ ತಿಕ್ಕಿ ತೊಳೆದರು. ಹಣಮವ್ವನ ಮಗ ಲಗಮಣ್ಣನ ಸರದಿ ಬಂದಾಗ ನಾತಾಲಬಾಯಿ ಹೌಹಾರಿದಳು. ಮೂರು ದಾಟಿದ ಹುಡುಗ. ಕೂದಲು ಭುಜದ ತನಕ ಜಡೆಗಟ್ಟಿತ್ತು, ಒಳಗೆ ಹೇನು, ಹೇನಿನ ಕೆಳಗೆ ಹುಣ್ಣು. ಅವಳು ಕತ್ತರಿ ತಂದಳು. ಹುಡುಗ ಕೊಸರಾಡಿದ, ಕಿರುಚಿದ. ಅವಳು ಕತ್ತರಿಸಿದಷ್ಟನ್ನೂ ಹಂಡೆಯ ಉರಿಗೆ ಹಾಕಿ, ಹುಣ್ಣಿಗೆ ಎಣ್ಣೆ ಹಚ್ಚಿ, ಪುಣ್ಯ ಕಟ್ಟಿಕೊಂಡವಳ ಹಾಗೆ ಕೈ ತೊಳೆದುಕೊಂಡಳು.

ಜಾವಳ ಅಂದರೇನು ಎಂದು ಅವಳಿಗೆ ಗೊತ್ತಿರಲಿಲ್ಲವೇ? ಚೆನ್ನಾಗಿ ಗೊತ್ತಿತ್ತು. ಹುಟ್ಟುಗೂದಲು ಮನೆದೇವರದ್ದು, ಸೋದರಮಾವನ ತೊಡೆಯ ಮೇಲೆ ಕೂರಿಸಿ ಅದನ್ನು ತೆಗೆಸುವ ತನಕ ಕತ್ತರಿ ತಾಗಬಾರದು. ನೆರೆಮನೆಗಳ ಎಷ್ಟೋ ಜಾವಳದ ಊಟ ಅವಳೇ ಉಂಡಿದ್ದಳು. ಆದರೆ ಹೊಟ್ಟೆಗಾಗಿ ಊರೂರು ಅಲೆಯುವವರಿಗೆ ಜಾವಳ ಎಲ್ಲಿಂದ ಬಂತು ಎಂದು ಅವಳ ಒಳಮನಸ್ಸು ತನಗೆ ತಾನೇ ತೀರ್ಮಾನಿಸಿಬಿಟ್ಟಿತ್ತು. ಉಪಕಾರ ಮಾಡಲು ಹೊರಟವರ ಕಣ್ಣಿಗೆ ಇಂಥದೊಂದು ಪೊರೆ ಬರುವುದುಂಟು.

ಸಂಜೆ ಹಣಮವ್ವ ಬಂದಳು. ಮಗನ ತಲೆಯನ್ನು ಎರಡೂ ಕೈಯಿಂದ ಸವರಿದಳು. ಅಲ್ಲೇ ಮೆಟ್ಟಿಲ ಮೇಲೆ ಕುಸಿದು ಕೂತಳು. ಆಮೇಲೆ ಹುಡುಗನನ್ನು ಎತ್ತಿಕೊಂಡು ಹೋದಳು.

ಮರುದಿನ ಒಂದು ಮಗುವೂ ಬರಲಿಲ್ಲ. ಇಗರ್ಜಿಯವರು ಕೂದಲು ತೆಗೆದು ಜಾತಿ ಕೆಡಿಸುತ್ತಾರೆ ಎಂದು ಟೋಳಿಯಲ್ಲಿ ಸುದ್ದಿ ಹಬ್ಬಿತ್ತು. ಹಿರಿಯರಿಗೆ ರೊಟ್ಟಿ ಜಾರಿ ತುಪ್ಪಕ್ಕೆ ಬಿದ್ದಂತಾಯಿತು. ನಾನು ಹೋಗಿ ಮಾತಾಡುತ್ತೇನೆ ಎಂದು ಫಾದರ್ ಎದ್ದರೆ ನಾತಾಲಬಾಯಿ ತಡೆದಳು. ಕತ್ತರಿ ಹಿಡಿದದ್ದು ನನ್ನ ಕೈ, ಹೋಗಬೇಕಾದ್ದೂ ನಾನೇ ಎಂದಳು. ಬಸ್ತ್ಯಾಂವ ಸುಮ್ಮನೆ ಹಿಂದಿನಿಂದ ನಡೆದ.

ಗುಡಿಸಲುಗಳ ಮುಂದೆ ಹೆಂಗಸರು ಮುಖ ತಿರುಗಿಸಿದರು. ಟೋಳಿಯ ಹಿರಿಯ ಹಾಲಸಿದ್ದ ಕಂಬಳಿಯ ಮೇಲೆ ಕೂತಿದ್ದ, ಏಳಲಿಲ್ಲ. ಹಣಮವ್ವ ಮಾತ್ರ ಎದುರಿಗೆ ಬಂದು ನಿಂತಳು.

"ಇವನಕಿಂತಾ ಮೊದಲಿನ ಎರಡು ಕೂಸು ಮಣ್ಣಾಗ ಇಟ್ಟೇನ್ರಿ" ಎಂದಳು. "ಇದೊಂದು ಉಳದ್ರ ಇದರ ಕೂದಲಾ ನಿನಗ ಅಂತ ಬೀರಪ್ಪಗ ಬೇಡಕೊಂಡಿದ್ದೆ. ಈಗ ಅವಗ ಏನ ಕೊಡ್ಲಿ?"

ನಾತಾಲಬಾಯಿಗೆ ನಾಚಿಕೆಯಿಂದ ಮೈಯೆಲ್ಲ ಹಿಡಿಯಷ್ಟಾಯಿತು. ತಪ್ಪಾಯಿತು ತಂಗಿ ಎನ್ನುವಷ್ಟರಲ್ಲಿ ಕಣ್ಣು ತುಂಬಿ ಬಂತು. ಜಾವಳಕ್ಕೆ ಇಷ್ಟು ತಡ ಯಾಕಾಯಿತು ಎಂದು ಮೆಲ್ಲಗೆ ಕೇಳಿದಳು. ಹಣಮವ್ವನಿಗೆ ಇದ್ದವನು ಒಬ್ಬನೇ ಅಣ್ಣ. ಕುರಿಯ ಹಿಂದೆ ಹೋದವನು ಹಾವು ಕಡಿದು ತೀರಿಕೊಂಡಿದ್ದ. ಕೂಸನ್ನು ಕೂರಿಸಿಕೊಳ್ಳಲು ತೊಡೆಯೇ ಇಲ್ಲದೆ ಜಾವಳ ನಿಂತುಹೋಗಿತ್ತು.

ಅಷ್ಟರಲ್ಲಿ ಹಾಲಸಿದ್ದ ಹುಡುಗನನ್ನು ಹತ್ತಿರ ಎಳೆದುಕೊಂಡು ತಲೆ ತಡವಿ ನೋಡುತ್ತಿದ್ದ. ಹುಡುಗ ಕೊಸರಾಡಿದ್ದರಿಂದ ಹಿಂಭಾಗದಲ್ಲಿ, ಹೆಡಕಿನ ಮೇಲೆ, ಕತ್ತರಿ ತಾಗದ ಒಂದು ಜುಟ್ಟು ಹಾಗೇ ಉಳಿದಿತ್ತು.

"ಬೀರಪ್ಪ ತನ್ನ ಪಾಲು ತಾ ಇಟಗೊಂಡಾನ" ಎಂದ ಮುದುಕ. "ಆದ್ರ ಮಾವ ಎಲ್ಲಿಂದ ತರೂದು?"

ನಾತಾಲಬಾಯಿ ಬಾಯಿ ತೆರೆಯುವ ಮೊದಲೇ ಹಿಂದಿನಿಂದ ಒಂದು ದನಿ ಬಂತು.

"ನಾ ಕುಂದರ್ತೇನ್ರಿ. ನನಗ ತಂಗಿ ಇಲ್ಲ."

ಎಲ್ಲರೂ ತಿರುಗಿ ಬಸ್ತ್ಯಾಂವನನ್ನು ನೋಡಿದರು. ಎಲ್ಲರಿಗಿಂತ ಹೆಚ್ಚು ಬೆರಗಾದವಳು ನಾತಾಲಬಾಯಿ.

ಹಾಲಸಿದ್ದ ಸುಲಭಕ್ಕೆ ಬಿಡುವವನಲ್ಲ. ಸೋದರಮಾವ ಅಂದರೆ ಒಂದು ದಿನದ ವೇಷವಲ್ಲ, ಒಳ್ಳೆಯದಕ್ಕೂ ಬರಬೇಕು, ಕೆಟ್ಟದ್ದಕ್ಕೂ ಬರಬೇಕು ಎಂದ. ಬಸ್ತ್ಯಾಂವ ಬರುತ್ತೇನೆ ಎಂದ. ನಾಳೆ ದೇವರನ್ನು ಬದಲಿಸು ಅನ್ನುತ್ತೀಯೇನು ಎಂದು ಹಣಮವ್ವನ ಗಂಡ ಕೇಳಿದ. ಅಣ್ಣನಾದವನು ತಂಗಿಯ ದೇವರಿಗೆ ಕೈ ಹಾಕುವುದಿಲ್ಲ ಎಂದು ಬಸ್ತ್ಯಾಂವ ಹೇಳಿದ. ಒಂದು ವರ್ಷದ ಮಾತನ್ನು ಅವನು ಅವತ್ತೇ ಆಡಿ ಮುಗಿಸಿದ.

ಇದು ಸರಿಯೇ ಎಂದು ಇಗರ್ಜಿಯ ಹಿರಿಯರು ಫಾದರ್ ಬಳಿ ದೂರು ಒಯ್ದರು. ಜಾವಳದ ಊಟಕ್ಕೆ ನನ್ನನ್ನೂ ಕರೆದಿದ್ದಾರೆ, ನೀವೂ ಬನ್ನಿ ಎಂದು ಫಾದರ್ ನಕ್ಕರು. ಭಾನುವಾರ ಪೂಜೆ ಮುಗಿದದ್ದೇ ಇಗರ್ಜಿಯ ಅರ್ಧ ಜನ ಗುಡಿಸಲುಗಳ ಕಡೆ ನಡೆದರು. ಗೊಣಗಿದವರೂ ಬಂದರು, ಊಟ ಅಂದರೆ ಯಾರಿಗೆ ಸಿಟ್ಟು? ಬಸ್ತ್ಯಾಂವ ತನ್ನ ಮದುವೆಯ ಕರಿ ಕೋಟು ತೊಟ್ಟು, ತಂಗಿಗೆ ಕುಬಸದ ಖಣ, ಅಳಿಯನಿಗೆ ಟೊಪ್ಪಿಗೆ ಹಿಡಿದು ಬಂದ. ಹೊಂಗೆಯ ಮರದ ಕೆಳಗೆ ಬೀರಪ್ಪನ ಕಲ್ಲು. ಹುಡುಗ ತೊಡೆಯ ಮೇಲೆ ಕೂತು ಕೋಟಿನ ಗುಂಡಿ ಜಗ್ಗುತ್ತಿದ್ದ, ಅಳಲಿಲ್ಲ. ಕ್ಷೌರಿಕ ಜುಟ್ಟು ತೆಗೆದ. ಕುರುಬರು ಭಂಡಾರ ಹಾರಿಸಿದರು, ಕರಿ ಕೋಟು ಅರಿಶಿನವಾಯಿತು. ಬಸ್ತ್ಯಾಂವ ಅದನ್ನು ಝಾಡಿಸಲಿಲ್ಲ. ನಾತಾಲಬಾಯಿಗೆ ಗಂಡನ ಮೇಲೆ ಮದುವೆಯ ದಿನವೂ ಇಷ್ಟು ಪ್ರೀತಿ ಬಂದಿರಲಿಲ್ಲ.

ಆದರೂ ಊಟ ಉಂಡು ಹೋಗುವುದು ಬೇರೆ, ಮಕ್ಕಳನ್ನು ಒಪ್ಪಿಸುವುದು ಬೇರೆ. ಸೋಮವಾರ ನಸುಕಿಗೇ ಅವಳು ಹಾಲ್ ಗುಡಿಸಿ ಬಾಗಿಲಲ್ಲಿ ನಿಂತಳು. ಗಾಡಿಗಳೆಲ್ಲ ಹೊಲದ ಕಡೆ ಹೋದವು. ಹೊತ್ತು ಮೂಡಿತು. ದಾರಿ ಖಾಲಿಯಾಗಿತ್ತು. ಎಲ್ಲ ಮುಗಿಯಿತು ಎಂದುಕೊಂಡಳು.

ಆಗ ತಿರುವಿನಲ್ಲಿ ಹಣಮವ್ವ ಕಂಡಳು. ರಾತ್ರೋರಾತ್ರಿ ಹೊಲಿದ ಹೊಸ ಖಣದ ಕುಬಸ ತೊಟ್ಟಿದ್ದಳು, ಬೋಳು ತಲೆಯ ಲಗಮಣ್ಣ ಕಂಕುಳಲ್ಲಿದ್ದ. ಅವಳ ಹಿಂದೆ ಟೋಳಿಯ ಹೆಂಗಸರೆಲ್ಲ, ಎಲ್ಲರ ಕಂಕುಳಲ್ಲೂ ಕೂಸು, ಸೆರಗು ಹಿಡಿದ ಮತ್ತೊಂದು. ಇನ್ನೂ ಹಿಂದೆಗೆಯುತ್ತಿದ್ದ ಒಬ್ಬ ತಾಯಿಯನ್ನು ಹಣಮವ್ವ ಗದರಿಸುತ್ತಿದ್ದಳು.

"ಸೋದರಮಾವನ ಮನಿಗೆ ಕೂಸು ಕಳಸಾಕ ಯಾರರ ಅಂಜ್ತಾರೇನ?"

ಬಾಗಿಲಿಗೆ ಬಂದವಳು ಮಗನನ್ನು ನಾತಾಲಬಾಯಿಯ ತೋಳಿಗೆ ಕೊಟ್ಟಳು. "ತಗೋರಿ ವೈನಿ" ಎಂದಳು. "ಸಂಜೀಕ ಬರ್ತೇನಿ."

ವೈನಿ. ಅಣ್ಣನ ಹೆಂಡತಿ. ನಾತಾಲಬಾಯಿ ಹುಡುಗನನ್ನು ಅವುಚಿಕೊಂಡು, ಬಾಗಿಲಿನ ಎರಡೂ ಕದ ಕಾಲಿಂದಲೇ ನೂಕಿ ತೆರೆದಳು. ಅಳುತ್ತ ನಗುತ್ತಿದ್ದಳು. ಮಕ್ಕಳು ಅವಳ ಕಾಲ ಸಂದಿನಲ್ಲೆಲ್ಲ ತೂರಿ ಒಳಗೆ ನುಗ್ಗಿದವು.

ಮಧ್ಯಾಹ್ನ ತೊಟ್ಟಿಲು ಬಡಿಯಲು ಬಸ್ತ್ಯಾಂವ ಹಲಗೆ ಹೊತ್ತು ಬಂದ. ಲಗಮಣ್ಣ "ಮಾವಾ" ಎಂದು ಕೂಗಿದ. ಅವನು ಕೂಗಿದ ಮೇಲೆ ಉಳಿದವರು ಬಿಟ್ಟಾರೆಯೇ? ಇಡೀ ಹಾಲ್ "ಮಾವಾ, ಮಾವಾ" ಎಂದು ಎದ್ದು ನಿಂತಿತು. ಬಸ್ತ್ಯಾಂವ ಹಲಗೆ ಕೆಳಗಿಟ್ಟು, ಒಬ್ಬರನ್ನೂ ಬಿಡದೆ, ಎಲ್ಲರಿಗೂ ಓಗೊಟ್ಟ.